ವಾಯಿದೆ ಕೋಳಿ

"ತಲೆ ಒಳಕ್ಕೆ ಹಾಕ್ಕೊಳ್ಳೇ, ಪ್ಲೀಸ್," ಎನ್ನುತ್ತ ವೀಣ ಸ್ಕೂಲ್ ಬ್ಯಾಗಿನ ಜಿಪ್ ಎಳೆದಳು.

ಕೆಂಚಿ ಕೇಳಲಿಲ್ಲ. ಕತ್ತು ಹೊರಗೆ ಚಾಚಿ ಕ್ಲಾಸ್ ಲೀಡರ್ ಥರ ಸುತ್ತ ನೋಡಿತು.

ಕಿರುಗಾವಲಿನ ಅಪ್ಪನ ಮನೆಯಲ್ಲಿ ಉಳಿದಿದ್ದ ಕೋಳಿ ಅದೊಂದೇ. ಇವತ್ತು ಮಳವಳ್ಳಿ ಕೋರ್ಟಿನಲ್ಲಿ ಕೇಸು ಕೂಗುವ ದಿನ, ವಾಯಿದೆ. ವಾಯಿದೆ ಬಂತೆಂದರೆ ಲಾಯರ್ ಮನೆಗೆ ಒಂದು ಕೋಳಿ ಹೋಗಬೇಕು.

"ಫೀಸು ಬ್ಯಾರೆ, ಕೋಳಿ ಬ್ಯಾರೆ. ದೊಡ್ಡೋರ ಮನೆಗೆ ಬರಿಗೈಲಿ ಓಗಕಾಯ್ತದಾ?" ಎನ್ನುತ್ತಿದ್ದ ಅಪ್ಪ.

ಅಪ್ಪ ಅಮ್ಮ ಇಬ್ಬರಿಗೂ ಡೈವೋರ್ಸ್ ಬೇಕಿತ್ತು. ಅದರಲ್ಲಿ ಜಗಳವಿರಲಿಲ್ಲ. ಟಿವಿ ಅಪ್ಪನಿಗೆ, ಬೀರು ಅಮ್ಮನಿಗೆ. ಸ್ಕೂಲ್ ಇರುವ ದಿನ ವೀಣ ಅಪ್ಪನ ಜೊತೆ, ಶನಿವಾರ ಭಾನುವಾರ ಪೂರಿಗಾಲಿಯಲ್ಲಿ ಅಮ್ಮನ ಜೊತೆ. ಅವಳ ಬ್ಯಾಗು ಎರಡು ಮನೆಯಲ್ಲೂ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಹೇಗೂ ಮತ್ತೆ ತುಂಬಬೇಕಲ್ಲ.

ಕೇಸು ನಿಂತಿದ್ದು ಕೋಳಿಗಳ ವಿಷಯಕ್ಕೆ. ಅರ್ಧ ಕೋಳಿಗಳನ್ನು ಅಮ್ಮ ಪೂರಿಗಾಲಿಗೆ ಒಯ್ದಿದ್ದಳು. "ಎಲ್ಲಾನೂ ನಮ್ಮವ್ವ ಕೊಟ್ಟಿದ್ದ ಕೋಳಿ ಮರಿಗಳು. ಉಳಿದದ್ದೂ ಕೊಡ್ಲಿ," ಎಂದಳು ಅಮ್ಮ. "ತಿಂದಿದ್ದೆಲ್ಲ ನಮ್ಮೊಲದ ರಾಗಿ. ಒಯ್ದಿದ್ದೂ ತಂದ್ಕೊಡ್ಲಿ," ಎಂದ ಅಪ್ಪ.

ಲಾಯರ್ ಫೀಸಿಗೆ ಅಪ್ಪನ ಟಿವಿ ಹೋಯಿತು. ಅಮ್ಮನ ಬೀರು ಹೋಯಿತು. ಎರಡು ಕಡೆಯ ಕೋಳಿಗಳೂ ಒಂದೊಂದಾಗಿ ಹೋದವು. ಅಮ್ಮನೂ ತನ್ನ ಲಾಯರಿಗೆ ಕೋಳಿ ಕೊಡುತ್ತಿದ್ದಳು ಎಂಬುದು ಗೊತ್ತಿದ್ದದ್ದು ಎರಡು ಮನೆಗೂ ಹೋಗುವ ವೀಣಳಿಗೆ ಮಾತ್ರ. ಆದರೆ ಅಲ್ಲಿಯ ಮಾತು ಇಲ್ಲಿ ಆಡಬೇಡ ಎಂದು ಇಬ್ಬರೂ ಅವಳ ಬಾಯಿ ಕಟ್ಟಿದ್ದರು.

"ಮಗಾ, ಕೆಂಚಿ ಕಂಡ್ಯಾ?" ಅಪ್ಪ ಖಾಲಿ ಚೀಲ ಹಿಡಿದು ಬಂದ.

"ಇಲ್ಲ ಕಣಪ್ಪ."

"ಕೊಕ್," ಎಂದಿತು ಬ್ಯಾಗು.

"ಏನವ್ವ ಅದು?"

"ಬಿಕ್ಕಳಿಕೆ."

"ನೀರ್ ಕುಡಿ. ಕೋರ್ಟ್‌ಗ್ಯಾಕೆ ಬ್ಯಾಗು?"

"ಹೋಮ್‌ವರ್ಕ್ ಅದೆ."

ಮಗಳನ್ನೂ ಕರೆತನ್ನಿ ಎಂದು ರಾಜಿ ಮಾಡಿಸುವ ಪ್ರಿಯಂವದಾ ಮೇಡಂ ಹೇಳಿದ್ದರು. ಕೋರ್ಟಿನ ಅವರ ಕೋಣೆಯಲ್ಲಿ ಒಂದು ಕಡೆ ಅಪ್ಪ ಮತ್ತು ಅಪ್ಪನ ಲಾಯರ್, ಎದುರಿಗೆ ಅಮ್ಮ ಮತ್ತು ಅಮ್ಮನ ಲಾಯರ್.

"ಎದುರು ಪಾರ್ಟಿ ಕೋಳಿಗಳನ್ನ ಕೊಟ್ಟುಬಿಟ್ಟರೆ ಇವತ್ತೇ ಮುಗಿಯುತ್ತೆ ಮೇಡಂ," ಎಂದರು ಇಬ್ಬರು ಲಾಯರೂ ಒಟ್ಟಿಗೆ.

"ಸರಿ. ಈಗ ಯಾರ ಹತ್ತಿರ ಎಷ್ಟು ಕೋಳಿ ಇವೆ?"

ಅಪ್ಪ ಫ್ಯಾನ್ ನೋಡಿದ. ಅಮ್ಮ ಸೆರಗಿನ ತುದಿ ಮಡಚಿದಳು. ಲಾಯರುಗಳಲ್ಲಿ ಒಬ್ಬರು ಯಾಕೋ ಹೊಟ್ಟೆ ಸವರಿಕೊಂಡರು.

ಅಷ್ಟರಲ್ಲಿ ಬ್ಯಾಗಿನ ಜಿಪ್ಪು ಸರಿಯಿತು. ಕೆಂಚಿ ಮೇಜಿನ ಮೇಲೆ ಹಾರಿ, ಎರಡೂ ಫೈಲುಗಳನ್ನು ಕೆದರಿ, ದಪ್ಪಗಿದ್ದ ಫೈಲನ್ನು ಆರಿಸಿ ಕುಳಿತಿತು. ಎದ್ದಾಗ ಅಲ್ಲೊಂದು ಮೊಟ್ಟೆ ಇತ್ತು.

"ಅಪ್ಪ, ಅಮ್ಮ, ಇದೊಂದೇ ಉಳಿದಿರೋದು. ಇದನ್ನೂ ಲಾಯರಿಗೆ ಕೊಡಬೇಡಿ," ಎಂದಳು ವೀಣ. ಕೆಂಚಿಯನ್ನು ಬಾಚಿ ಎತ್ತಿಕೊಂಡಳು.

ಅಮ್ಮ ಅಪ್ಪನ ಕಡೆ ತಿರುಗಿದಳು. "ನಿಮ್ಮವೂ ಲಾಯರ್ ಮನೆಗೇ ಓದ್ವಾ?"

"ನಿಂದೂವಾ?"

ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪನೂ ತಡೆಯಲಾರದೆ ನಕ್ಕ.

ಒಬ್ಬ ಲಾಯರ್ ಕನ್ನಡಕ ಸರಿಮಾಡಿಕೊಂಡರು. "ಈ ಮೊಟ್ಟೆ ಯಾರಿಗೆ ಸೇರಬೇಕು ಅನ್ನೋದಕ್ಕೆ ಬೇರೆ ಅರ್ಜಿ ಹಾಕಬೇಕಾಗುತ್ತೆ. ಮುಂದಿನ ವಾಯಿದೆಗೆ..."

"ಬ್ಯಾಡಿ ಸಾ, ಸಾಕು," ಎಂದರು ಅಪ್ಪ ಅಮ್ಮ ಒಟ್ಟಿಗೆ.

ಇಬ್ಬರೂ ಸಹಿ ಹಾಕಿದರು. ಡೈವೋರ್ಸ್ ಆಯಿತು. ಕೆಂಚಿ ವೀಣಳದಾಯಿತು.

ಶನಿವಾರ ಪೂರಿಗಾಲಿಯ ಬಸ್ಸಿನಲ್ಲಿ ಕಂಡಕ್ಟರು ಬ್ಯಾಗಿನ ಕಡೆ ಬೆರಳು ತೋರಿಸಿದರು. "ಕೋಳಿಗ್ಯಾರು ಟಿಕೆಟ್ ತಗೊತಾರೆ?"

"ಇದೂ ಎಣ್ಣೇ ಕಣಣ್ಣ. ಎಣ್ಮಕ್ಳಿಗೆ ಬಸ್ ಫ್ರೀ ಅಲ್ವಾ?"

ಬಸ್ಸೆಲ್ಲ ನಕ್ಕಿತು.

ಅಮ್ಮನ ಹಿತ್ತಲಿನಲ್ಲಿ ಇಳಿಸಿ ಬಿಟ್ಟಾಗ ಕೆಂಚಿ ಒಂದು ಕಾಲೆತ್ತಿ ನಿಂತು ಯೋಚಿಸಿತು. ಆಮೇಲೆ ಕಿರುಗಾವಲಿನಲ್ಲಿ ಮಾಡುವಂತೆಯೇ ನೆಲ ಕೆದರಿ, ಮಣ್ಣಿನಲ್ಲಿ ಹೊರಳಿ, ಕಣ್ಣು ಮುಚ್ಚಿತು.

ವೀಣ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಒಳಗೆ ಹೋಗಿ ಬ್ಯಾಗಿನಿಂದ ಬಟ್ಟೆ, ಪುಸ್ತಕ ಎಲ್ಲವನ್ನೂ ತೆಗೆದಿಟ್ಟಳು. ಖಾಲಿ ಬ್ಯಾಗನ್ನು ಗೋಡೆಯ ಮೊಳೆಗೆ ನೇತುಹಾಕಿದಳು.