ಬಾಗಿಲು ಹಾಕಿಕೊಳ್ಳಿ

ಜನವರಿ ಇಪ್ಪತ್ನಾಲ್ಕರ ಬೆಳಗ್ಗೆ ಕಣಿವೆಯ ಪೊಲೀಸ್ ಠಾಣೆಗೆ ಬಂದ ಹೆಂಗಸು, ದೂರು ಹೇಳುವ ಮೊದಲು ಎರಡು ಬೆಳ್ಳಿ ಉಂಗುರಗಳನ್ನು ಮೇಜಿನ ಮೇಲಿಟ್ಟಳು. ಒಂದು ಬೆಳ್ಳಗಿತ್ತು. ಇನ್ನೊಂದು ಬಾಣಲೆಯ ತಳದಂತೆ ಕಪ್ಪಾಗಿತ್ತು.

ಅವಳ ಹೆಸರು ಕಾನಾಯೆ ಇಗುರಾ. ಗಂಡ ಸಾತೊರು ಜೊತೆ ದಕ್ಷಿಣದಿಂದ ಹಿಮ ನೋಡಲು ಬಂದಿದ್ದಳು. ಹಿಂದಿನ ಸಂಜೆ ಗಂಡ ನಿಗೊರಿಸಾವಾ ಹಳ್ಳಿಯ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಗೆ ಹೋದವನು ಜೀವಂತ ಮರಳಲಿಲ್ಲ. ಹಳ್ಳಿಯವರೇ ಅವನನ್ನು ವಸತಿಗೃಹಕ್ಕೆ ಹೊತ್ತು ತಂದರು. ವೈದ್ಯರು ಹೃದಯಾಘಾತ ಎಂದು ಬರೆದರು.

"ಅಮ್ಮಾ, ಅಲ್ಲಿನ ನೀರು ಗಂಧಕದ್ದು," ಎಂದ ಕಾನ್‌ಸ್ಟೆಬಲ್ ಮೊನ್ಮಾ. "ನೀರಿಗಿಳಿದ್ರೆ ಬೆಳ್ಳಿ ಕಪ್ಪಾಗೋದು ಮಾಮೂಲು. ನಮ್ಮಮ್ಮನ ಸರಾನೂ ಹಾಗೇ ಆಗಿತ್ತು."

"ಉಂಗುರ ನೀರಿಗೆ ಇಳಿದೇ ಇಲ್ಲ. ಬೆಳ್ಳಿ ತೆಗೆದಿಡಿ ಅಂತ ಅಲ್ಲಿ ಬೋರ್ಡ್ ಇದೆ. ತೆಗೆದು ಬುಟ್ಟೀಲಿ ಬಟ್ಟೆ ಮೇಲಿಟ್ಟಿದ್ರು. ಹಳ್ಳಿಯವರು ಆ ಬುಟ್ಟೀನ ಹಾಗೇ ನನ್ನ ಕೈಗೆ ಕೊಟ್ರು."

"ಈ ಬಿಳೀದು?" ಇನ್ಸ್‌ಪೆಕ್ಟರ್ ತೊಗಾಶಿ ಕೇಳಿದ.

"ನಂದು. ನಿನ್ನೆ ಬೆಳಗ್ಗೆ ನಾನೂ ಹೆಂಗಸರ ಕಡೆ ಸ್ನಾನ ಮಾಡ್ದೆ. ನಾನೂ ಬುಟ್ಟೀಲೇ ಇಟ್ಟಿದ್ದೆ."

ತೊಗಾಶಿ ಎರಡೂ ಉಂಗುರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ವೈದ್ಯರು ಸಹಿ ಹಾಕಿ ಆಗಿತ್ತು. ಅಲ್ಲಗಳೆದರೆ ಒಂದು ಹಳ್ಳಿ ಅವನ ಮೇಲೆ ತಿರುಗಿಬೀಳುತ್ತದೆ. ತಪ್ಪಾದರೆ ಈ ಹೆಂಗಸು ಗಂಡನ ದೇಹವನ್ನು ಸುಮ್ಮನೆ ಕೊಯ್ಯಿಸಿದಂತಾಗುತ್ತದೆ. ಆದರೆ ಬುಟ್ಟಿಯಲ್ಲಿದ್ದ ಉಂಗುರವನ್ನು ಕಪ್ಪಾಗಿಸಿದ್ದು ನೀರಲ್ಲ, ಗಾಳಿ.

ಎಫ್‌ಐಆರ್ ದಾಖಲಾಯಿತು. ಮರುದಿನ ಮರಣೋತ್ತರ ಪರೀಕ್ಷೆಯ ವರದಿ ಬಂತು: ಬುಗ್ಗೆಯ ನೀರಿನಿಂದೇಳುವ ವಿಷಾನಿಲ ಸೇವನೆಯಿಂದ ಸಾವು.

ಮಧ್ಯಾಹ್ನ ನಿಗೊರಿಸಾವಾದಲ್ಲಿ ಪಂಚನಾಮೆ ನಡೆಯಿತು. ಸ್ನಾನದ ಮನೆ ಹಳ್ಳಿಯವರದೇ. ಅದನ್ನು ತೊಳೆದು, ಹಿಮ ಸರಿಸಿ, ನೋಡಿಕೊಳ್ಳುವ ಸರದಿ ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಸರದಿಯೋ ಅವರ ಬಾಗಿಲಲ್ಲಿ ಮರದ ಹಲಗೆ ತೂಗುತ್ತದೆ. ಆ ವಾರ ಅದು ಯಸುಜೊ ಒಯಿಕಾವಾನ ಬಾಗಿಲಲ್ಲಿತ್ತು. ಎಂಬತ್ತರ ಹತ್ತಿರದ ಮುದುಕ, ಊರಿನ ಹಿರಿಯ. ಹೆಣವನ್ನು ಮೊದಲು ಕಂಡವನೂ ಅವನೇ.

"ಸಾಹೇಬ್ರೇ, ಕೇಳೋದೇನಿದೆ? ಗಾಳಿಕಿಂಡಿಗೆ ಹಿಮ ಕೂತಿತ್ತು. ಸರಿಸೋ ಸರದಿ ನಂದು. ಸರಿಸ್ಲಿಲ್ಲ. ತಪ್ಪು ನಂದೇ, ನನ್ನ ಕರ್ಕೊಂಡು ಹೋಗಿ."

"ಯಾಕೆ ಸರಿಸ್ಲಿಲ್ಲ ಯಜಮಾನ್ರೇ?"

"ಸೊಂಟ ನೋವು."

"ಬೆಳಗ್ಗೆ ನಿಮ್ಮ ಮನೆ ಮಾಡಿನ ಮೇಲಿದ್ರಿ," ಎಂದ ಮೊನ್ಮಾ. "ಹಿಮ ತಳ್ತಾ ಇದ್ರಿ. ನಾನೇ ಕಣ್ಣಾರೆ ನೋಡ್ದೆ."

"ಇವತ್ತು ವಾಸಿ ಆಯ್ತಪ್ಪ. ವಾಸಿ ಆದ್ರೂ ಕೇಸಾ?"



ವಿಷಾನಿಲ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಅದಕ್ಕೇ ಗಂಡಸರ ಕಡೆಯೂ ಹೆಂಗಸರ ಕಡೆಯೂ ಗೋಡೆಯ ಬುಡದಲ್ಲಿ ಮರದ ಪಟ್ಟಿ ಹೊಡೆದ ಒಂದೊಂದು ಗಾಳಿಕಿಂಡಿ. ತೊಗಾಶಿ ಹೊರಗೆ ಹೋಗಿ ಮಂಡಿಯೂರಿದ. ಹೆಂಗಸರ ಕಡೆ ಕಿಂಡಿಯ ಮುಂದಿನ ಹಿಮ ಹಬೆಗೆ ಕರಗಿ, ಹಳದಿಗಟ್ಟಿ, ಗವಿಯಂತೆ ಟೊಳ್ಳಾಗಿತ್ತು. ಗಂಡಸರ ಕಡೆ ಹಿಮ ಬಿದ್ದಂತೆಯೇ ಇತ್ತು, ಒಣಗಿ, ಬೆಳ್ಳಗೆ.

"ಎರಡು ಮೂರು ದಿನದಿಂದ ಇಲ್ಲಿ ಹಬೆ ಸರಿಯಾಗಿ ಹೊರಗೆ ಬಂದಿಲ್ಲ," ಎಂದ. "ಹಿಮ ಕಿಂಡಿ ಮುಚ್ಚಿದ್ದಲ್ಲ ಯಜಮಾನ್ರೇ. ಒಳಗಿಂದ ಕಿಂಡಿ ಮುಚ್ಚಿದ್ದಕ್ಕೆ ಹಿಮ ಉಳಿದಿದ್ದು."

ಒಯಿಕಾವಾ ತಲೆ ತಗ್ಗಿಸಿದ.

ಒಳಗೆ ಕಿಂಡಿಯ ಪಟ್ಟಿಯ ಮೊಳೆಗೆ ನೀಲಿ ದಾರದ ಎಳೆಯೊಂದು ಸಿಕ್ಕಿಕೊಂಡಿತ್ತು, ಅದರ ತುದಿಯಲ್ಲಿ ಚಿಟಿಕೆ ಹತ್ತಿ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲಿನ ದಿಂಬುಗಳಿಗೂ ಅದೇ ನೀಲಿ ದಾರದ ಹೊಲಿಗೆ.

"ಇವನ್ನ ಯಾರು ಹೊಲಿಯೋದು?"

ಒಯಿಕಾವಾನೂ ಸೇರಿ ಊರಿನ ಏಳು ಮುದುಕರು ಬಾಗಿಲಲ್ಲಿ ನಿಂತಿದ್ದರು, ಒಬ್ಬನೂ ಬಾಯಿ ಬಿಡಲಿಲ್ಲ. ಉತ್ತರ ಹೇಳಿದವಳು ವಸತಿಗೃಹದ ಒಡತಿ, ಪಂಚರಲ್ಲಿ ಒಬ್ಬಳು. "ಕಿನು ಅಜ್ಜಿ. ಊರಿಗೆಲ್ಲ ಅವಳೇ ಹೊಲಿಯೋದು. ಅದ್ರಲ್ಲೇನಿದೆ?" ಎಂದವಳು ಮುದುಕರ ಮುಖ ನೋಡಿ, ಬೆರಳಿಂದ ತುಟಿ ಮುಚ್ಚಿಕೊಂಡಳು.

ಕಿನು ಸುಗಾವಾರಾ ಎಪ್ಪತ್ತೊಂದರ ವಿಧವೆ. ಒಲೆಯ ಪಕ್ಕ ಕುಳಿತಿದ್ದಳು. ಅವಳ ತೊಡೆಯ ಮೇಲೆ ಕಿಂಡಿಯ ಅಳತೆಗೆ ಸರಿಯಾಗಿ ಹೊಲಿದ ದಪ್ಪ ಹತ್ತಿಮೆತ್ತೆ ಇತ್ತು. ಎಳೆದು ತೆಗೆಯಲು ಎರಡು ಹಿಡಿ.

"ಬನ್ನಿ ಸಾಹೇಬ್ರೇ. ಕಾಲು ಒದ್ದೆ ಆಗಿದೆ, ಒಲೆ ಹತ್ರ ಬನ್ನಿ."

"ಇದು ಎಲ್ಲಿತ್ತು ಅಜ್ಜಿ?"

"ಕಿಂಡೀಲಿ. ಇವತ್ತು ಬೆಳಗ್ಗೆ ಒಯಿಕಾವಾ ಅಣ್ಣ ತೆಗೆದು ತಂದು ಕೊಟ್ಟು, ಸುಟ್ಟುಬಿಡು, ಯಾರಾದ್ರೂ ಕೇಳಿದ್ರೆ ಹಿಮ ಅನ್ನು ಅಂದ್ರು. ಸುಡೋಕೆ ಕೈ ಬರ್ಲಿಲ್ಲ. ನಮ್ಮನೆಯವರ ಹಾಸಿಗೆ ಹತ್ತಿ ಇದು."

"ಯಾಕೆ ಹೊಲಿದ್ರಿ?"

"ಹೋದ ವರ್ಷದ ಹಿಂದಿನ ಚಳಿಗಾಲ, ಬಿಸಿನೀರಿಂದ ಎದ್ದು ಬಂದ್ರು ನಮ್ಮನೆಯವರು. ಕಿಂಡಿ ಗಾಳಿ ಕಾಲಿಗೆ ಹೊಡೀತು. ಬಟ್ಟೆ ಬುಟ್ಟಿ ಹತ್ರಾನೇ ಬಿದ್ರು. ಒಂದೇಟಿಗೆ ಬಿಸಿಯಿಂದ ಚಳಿಗೆ ಬಂದ್ರೆ ವಯಸ್ಸಾದೋರ ಎದೆ ತಡೆಯಲ್ಲ ಅಂದ್ರು ಡಾಕ್ಟ್ರು. ಈ ಊರಲ್ಲಿ ಇನ್ನ್ಯಾರಿದ್ದಾರೆ ಸಾಹೇಬ್ರೇ, ಎಲ್ಲಾ ವಯಸ್ಸಾದೋರೇ. ನನ್ನ ಸರದಿ ಬಂದಾಗ ಗಂಡಸರ ಕಡೆ ಕಿಂಡೀಲಿ ಇದನ್ನ ಇಟ್ಟೆ. ಬೆಚ್ಚಗಾಯ್ತು ಕಿನು ಅಂದ್ರು ಎಲ್ರೂ."

"ಎಲ್ರೂ ಅಂದ್ರೆ? ಗೊತ್ತಿತ್ತಾ ಎಲ್ರಿಗೂ?"

ಕಿನು ಮೆತ್ತೆಯ ಅಂಚನ್ನು ಸವರಿದಳು. "ಅವರ ವಿಷಯ ನಂಗ್ಯಾಕೆ. ಹೊಲಿದೋಳು ನಾನು."

"ವಿಷಗಾಳಿ ಇದೆ ಅಂತ ಗೊತ್ತಿರ್ಲಿಲ್ವಾ?"

"ಯಾಕೆ ಗೊತ್ತಿರಲ್ಲ? ನಾವು ಒಳಗೆ ಹೋದ ಕೂಡ್ಲೆ ನೀರಿಗೆ ಇಳಿಯಲ್ಲ. ಬಾಗಿಲು ಅಗಲ ತೆಗೆದಿಟ್ಟು, ಉದ್ದ ಹಲಗೇಲಿ ನೀರು ಕದಡ್ತೀವಿ. ಹೊಗೆಯೆಲ್ಲ ಹೋಗೋವರ್ಗೂ ಹಾಡು ಹೇಳ್ತೀವಿ. ಒಬ್ರೇ ಯಾರೂ ಇಳಿಯಲ್ಲ. ಕೊನೆಗೆ ಎದ್ದೋರು ಮೆತ್ತೆ ತೆಗೀಬೇಕು. ಇಷ್ಟು ದಿನ ಹಾಗೇ ನಡೀತು."

ಅದು ಊರವರ ರೂಢಿ. ಯಾವ ಬೋರ್ಡಿನ ಮೇಲೂ ಇರಲಿಲ್ಲ. ಹುಟ್ಟಿದಾಗಿನಿಂದ ಮಾಡುವುದನ್ನು ಯಾರು ಬರೆದು ಹಾಕುತ್ತಾರೆ? ಬೋರ್ಡುಗಳಿದ್ದದ್ದು ಪ್ರವಾಸಿಗಳಿಗೆ: ಬೆಳ್ಳಿ ತೆಗೆದಿಡಿ. ಮೈ ತೊಳೆದು ಇಳಿಯಿರಿ. ಬಿಸಿ ಹೋಗುತ್ತದೆ, ಬಾಗಿಲು ಹಾಕಿಕೊಳ್ಳಿ.

ಕತ್ತಲಾಗುವ ಮೊದಲು ಆ ಏಳೂ ಮುದುಕರ ಹೇಳಿಕೆ ಪಡೆಯಲಾಯಿತು. ಆ ದಿನ ಊರವರ ಸ್ನಾನ ಮುಗಿದ ಮೇಲೆ ಮೆತ್ತೆ ತೆಗೆಯದೆ ಹೋದವರು ಯಾರೆಂದು ತೊಗಾಶಿ ಒಬ್ಬೊಬ್ಬರನ್ನೂ ಕೇಳಿದ. ನನ್ನ ಹಿಂದೆ ಇನ್ನೊಬ್ಬರಿದ್ದರು ಅಂದುಕೊಂಡೆ, ಎಂದರು ಏಳೂ ಜನ. ಒಬ್ಬನ ಕಣ್ಣಲ್ಲಾದರೂ ಸುಳ್ಳು ಕಂಡಿದ್ದರೆ ತೊಗಾಶಿಗೆ ಹಗುರವಾಗುತ್ತಿತ್ತು. ಏಳೂ ಜನ ನಿಜ ಹೇಳುತ್ತಿದ್ದಂತಿತ್ತು.

ಸಾಕ್ಷ್ಯ ಅಡಗಿಸಿದ್ದಕ್ಕೆ ಒಯಿಕಾವಾನ ಮೇಲೆ ಬೇರೆ ಮೊಕದ್ದಮೆ ಬಿತ್ತು. ಅವನು ಕಿನುವಿನ ಮನೆಯಂಗಳದಲ್ಲಿ, ಅವಳನ್ನು ಹತ್ತಿಸಿದ್ದ ಜೀಪಿಗೆ ಅಡ್ಡ ನಿಂತ.

"ಅವಳು ಮಾಡಿದ್ದು ನಮಗೋಸ್ಕರ. ಬಿಟ್ಟುಬಿಡಿ ಸಾಹೇಬ್ರೇ."

"ಹಾಗಂತ ಬರೆದು ಕೊಡ್ತೀರಾ? ನಮಗೆಲ್ಲ ಗೊತ್ತಿತ್ತು, ನಾವೇ ಇಡಿಸ್ಕೊಂಡ್ವಿ ಅಂತ?"

ಒಯಿಕಾವಾ ಹಿಂದೆ ತಿರುಗಿ ನೋಡಿದ. ಹಿಂದೆ ನಿಂತಿದ್ದ ಆರು ಜನ ಒಬ್ಬೊಬ್ಬರಾಗಿ ಮನೆಯ ಕಡೆ ನಡೆದಿದ್ದರು. ಅವನೂ ಪಕ್ಕಕ್ಕೆ ಸರಿದ.

"ಹೋಗ್ಲಿ ಬಿಡಿ ಅಣ್ಣ," ಎಂದಳು ಕಿನು ಜೀಪಿನೊಳಗಿಂದ. "ಚಳೀಲಿ ನಿಲ್ಬೇಡಿ, ಒಳಗೆ ಹೋಗಿ."

ಸಂಜೆ ಆರೂ ಹತ್ತಕ್ಕೆ ಕಿನುವಿನ ದಸ್ತಗಿರಿ ದಾಖಲಾಯಿತು. ಮುಂದಿನ ಆದೇಶದವರೆಗೆ ಸ್ನಾನದ ಮನೆಗೆ ಬೀಗಮುದ್ರೆ ಬಿತ್ತು. ಇನ್ನು ಆ ಬಾಗಿಲು ತೆರೆಯುವಷ್ಟರಲ್ಲಿ ಎಷ್ಟು ಜನ ಮುದುಕರು ಉಳಿದಿರುತ್ತಾರೋ ತೊಗಾಶಿಗೆ ಗೊತ್ತಿರಲಿಲ್ಲ.

ಮರುದಿನ ಕಾನಾಯೆ ಗಂಡನ ದೇಹ ಪಡೆಯಲು ಬಂದಳು.

"ಯಾಕೆ ಮುಚ್ಚಿದ್ರಂತೆ ಕಿಂಡೀನ?"

ತೊಗಾಶಿ ಆರೋಪಿಯ ಉದ್ದೇಶ ಎಂಬಲ್ಲಿ ರಾತ್ರಿ ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದ್ದ. ಕೊನೆಗೆ ಉಳಿಸಿದ್ದನ್ನೇ ಹೇಳಿದ. "ಇನ್ನೊಬ್ಬರಿಗೆ ಚಳಿ ಆಗಬಾರದು ಅಂತ."

ಅವಳು ಕಪ್ಪು ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿದಳು. "ನಮ್ಮನೇಲಿ ಇವರು ಯಾವತ್ತೂ ಬಾಗಿಲು ಹಾಕಿದೋರೇ ಅಲ್ಲ. ಸ್ನಾನಕ್ಕೆ ಹೋದ್ರೂ ಹಾರು ಹೊಡೆದೇ ಇರೋದು. ದಿನಾ ಬೈತಿದ್ದೆ. ಅವತ್ತು ಹೊರಡುವಾಗ ಹೇಳಿ ಕಳಿಸ್ದೆ, ಬೋರ್ಡ್ ಓದಿ, ಅದ್ರಲ್ಲಿರೋ ಹಾಗೆ ಮಾಡಿ, ನನ್ನ ಮಾನ ಕಳೀಬೇಡಿ ಅಂತ."

ಆಮೇಲೆ ಎದ್ದು ಹೋದಳು. ಠಾಣೆಯ ಬಾಗಿಲನ್ನು ಹಾಕಲಿಲ್ಲ. ಹಿಮಗಾಳಿ ನುಗ್ಗಿ ಮೇಜಿನ ಮೇಲಿನ ಕಾಗದಗಳು ಹಾರಿದವು. ಮೊನ್ಮಾ ಬಾಗಿಲು ಹಾಕಲು ಎದ್ದ. ತೊಗಾಶಿ ಬೇಡವೆಂದು ಕೈ ಅಡ್ಡ ಹಿಡಿದ.