ಒಂದು ಹಾಳೆ ಕಮ್ಮಿಯಾದ ಕಡತ

ಓಶ್ ಪಟ್ಟಣದಲ್ಲಿ ಕಡತ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನಾನು ದಾರಿಕಾ. ಇಲ್ಲಿನ ಕಾನೂನು ಕಾಲೇಜಿನ ಕಚೇರಿಯಲ್ಲಿ ಕೂತು ಒಂಬತ್ತು ಸಾವಿರ ಪ್ರಾಧ್ಯಾಪಕರನ್ನು ಈ ಕೈಯಾರೆ ತಯಾರು ಮಾಡಿದ್ದೇನೆ. ನಾನು ಹೊಲಿದ ದಾರವನ್ನೆಲ್ಲ ಬಿಚ್ಚಿ ಎಳೆದರೆ ಊರ ನಡುವಿನ ಸುಲೈಮಾನ್ ಬೆಟ್ಟಕ್ಕೆ ಹನ್ನೆರಡು ಸುತ್ತು ಬಂದು, ಮಿಕ್ಕಿದ್ದರಲ್ಲಿ ಎರಡು ಕುದುರೆ ಕಟ್ಟಬಹುದು. ಕಣ್ಣು ಮುಚ್ಚಿ ಕಡತವನ್ನು ಅಂಗೈ ಮೇಲಿಟ್ಟುಕೊಂಡರೆ ಸಾಕು, ಅದರಲ್ಲಿ ಎಷ್ಟು ಹಾಳೆ ಇದೆಯೆಂದು ಹೇಳಿಬಿಡುತ್ತೇನೆ. ನನ್ನ ಕೈಯಲ್ಲಿ ಇದುವರೆಗೆ ಒಂದೇ ಒಂದು ಹಾಳೆ ತಪ್ಪಿಲ್ಲ.

ಇನ್ನು ಮನುಷ್ಯರ ಮನಸ್ಸು ಓದುವುದು ನನಗೆ ಹಾಳೆ ಓದುವುದಕ್ಕಿಂತ ಸುಲಭ. ಅದಕ್ಕೇ ಮೇರಿಮ್‌ಳ ಕಥೆಯನ್ನು ನನ್ನಿಂದಲೇ ಕೇಳಬೇಕು.

ಏಳು ವರ್ಷದ ಮೇಲೆ ಅವಳು ಮತ್ತೆ ನಮ್ಮ ಮೆಟ್ಟಿಲು ಹತ್ತಿ ಬಂದ ಬೆಳಗ್ಗೆ ಇಡೀ ಕಟ್ಟಡ ನಡುಗಿತು. ಹೋಗುವಾಗ ಕಣ್ಣೀರು ಒರೆಸಿಕೊಂಡು ಹೋಗಿದ್ದ ಸಾಧಾರಣ ಉಪನ್ಯಾಸಕಿ. ಈಗ ಡಾಕ್ಟರ್ ಪದವಿ ಪಡೆದು, ಸಿವಿಲ್ ಕಾನೂನು ವಿಭಾಗದ ಮುಖ್ಯಸ್ಥೆಯಾಗಿ ವಾಪಸು ಬಂದಿದ್ದಳು.

ಅದೇ ಹೊತ್ತಿಗೆ ಎದುರಿನಿಂದ ಇಳಿದು ಬರುತ್ತಿದ್ದ, ನಮ್ಮ ಉಪನ್ಯಾಸಕ ಇಸ್ಕೆಂದರ್.

ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ನಿಂತರು.

ಅವನ ಕಿವಿಯ ಪಕ್ಕ ನರೆ ಬಂದಿದೆ... ಕಾಲರ್ ಇನ್ನೂ ಒಳಗೇ ಮಡಚಿಕೊಂಡಿದೆ. ಅವಳ ಕೈ ಸರಿಪಡಿಸಲು ಅರ್ಧ ಎದ್ದಿತು. ಛೀ, ನಾನು ಬಂದದ್ದು ಇದಕ್ಕಾ, ಎಂದುಕೊಂಡಳು ಮೇರಿಮ್.

"ಇಸ್ಕೆಂದರ್ ಜೊಲ್ದೊಶೆವಿಚ್," ಎಂದಳು. ಪ್ರೀತಿಸಿದವನನ್ನು ಅಪ್ಪನ ಹೆಸರು ಸೇರಿಸಿ ಕರೆಯುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. "ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದೀರಂತೆ. ಮಂಡಳಿ ಮುಂದೆ ನಿಮ್ಮ ಕಡತದ ವರದಿ ಓದೋದು ನಾನೇ."

"ಗೊತ್ತು."

"ವಾಪಸ್ ತಗೊಳ್ಳೋಕೆ ಶುಕ್ರವಾರದವರೆಗೆ ಟೈಮಿದೆ."

"ತಗೊಳ್ಳಲ್ಲ. ಓದಿ, ಮೇರಿಮ್."

ಅರ್ಜಿ ವಾಪಸು ತೆಗೆದುಕೊಂಡರೂ ಅವನಿಗೆ ಬೇರೆ ದಾರಿ ಇರಲಿಲ್ಲ. ಈ ಸಲವೂ ಬಡ್ತಿ ಸಿಗದಿದ್ದರೆ ಜೂನ್‌ಗೆ ಅವನ ಕರಾರು ಮುಗಿಯುತ್ತಿತ್ತು. ಆಮೇಲೆ ಕಾನೂನು ಪಾಠವಿಲ್ಲ, ಅಲಾಯ್ ಕಣಿವೆಯಲ್ಲಿ ಅಣ್ಣನ ಕುರಿಗಳೇ ಗತಿ. ಇದು ಮೇರಿಮ್‌ಗೂ ಗೊತ್ತಿತ್ತು. ಗೊತ್ತಿದ್ದೇ ಈ ವರದಿಯನ್ನು ಕೇಳಿ ಪಡೆದಿದ್ದಳು.

ಯಾಕಿಷ್ಟು ಹಗೆ?

ನಮ್ಮಲ್ಲಿ ಮೇಷ್ಟ್ರಿಗೆ ಬಡ್ತಿ ಬೇಕಾದರೆ ಪಾಂಡಿತ್ಯ ಒಂದೇ ಸಾಲದು. ಪದವಿ ಇರಬೇಕು, ಐದು ವರ್ಷ ಪಾಠ ಮಾಡಿರಬೇಕು, ಇಪ್ಪತ್ತು ಲೇಖನ ಅಚ್ಚಾಗಿರಬೇಕು. ಇಬ್ಬರು ಸೇರಿ ಬರೆದದ್ದಾದರೆ ಒಬ್ಬೊಬ್ಬರಿಗೆ ಅರ್ಧ. ಮೇಲೆ ಸಹೋದ್ಯೋಗಿಗಳ ಎದುರು ಒಂದು ಬಹಿರಂಗ ಪಾಠ, ಅದಕ್ಕೆ ಅವರ ಒಪ್ಪಿಗೆ ಪತ್ರ. ಈ ಕಾಗದವನ್ನೆಲ್ಲ ದಬ್ಬಣದಿಂದ ಚುಚ್ಚಿ ಹುರಿದಾರದಲ್ಲಿ ಹೊಲಿಯಬೇಕು. ಹಿಂದಿನ ಗಂಟಿಗೆ ಚೀಟಿ ಅಂಟಿಸಿ, "ಇಷ್ಟು ಹಾಳೆ" ಎಂದು ಬರೆದು ಮೊಹರು ಒತ್ತಬೇಕು. ಮಂಡಳಿಯ ಎದುರು ಹಾಳೆಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ಒಂದು ಹಾಳೆ ಹೆಚ್ಚುಕಮ್ಮಿಯಾದರೂ ಆ ಕಡತ ಮತದಾನಕ್ಕೆ ಹೋಗುವುದಿಲ್ಲ.

ಏಳು ವರ್ಷದ ಹಿಂದೆ ಮೇರಿಮ್‌ಳ ಕಡತದ ಚೀಟಿಯಲ್ಲಿ ನೂರಾ ಹನ್ನೆರಡು ಎಂದಿತ್ತು. ಎಣಿಸುವ ಸರದಿ ಇಸ್ಕೆಂದರನದು. ಆ ಶರತ್ಕಾಲಕ್ಕೆ ಇಬ್ಬರ ಮದುವೆಯೆಂದು ಮನೆಯವರು ಮಾತಾಡಿಕೊಂಡೂ ಆಗಿತ್ತು. ಅವನು ಎಣಿಸಿದ. ಮುಖ ಬಿಳಿಚಿಕೊಂಡಿತು. ಮತ್ತೆ ಮೊದಲಿಂದ ಎಣಿಸಿದ.

"ನೂರಾ ಹನ್ನೊಂದು," ಎಂದ. "ಬಹಿರಂಗ ಪಾಠದ ಒಪ್ಪಿಗೆ ಪತ್ರ ಇಲ್ಲ."

ಹುದ್ದೆ ಅಂದೇ ಡೀನ್ ಸಾಹೇಬರ ಅಳಿಯನ ಪಾಲಾಯಿತು. ಹಿಂದಿನ ದಿನವಿಡೀ ಆ ಕಡತ ಇದ್ದದ್ದು ಇಸ್ಕೆಂದರನ ಬೀರುವಿನಲ್ಲಿ. ಡೀನರನ್ನು ಮೆಚ್ಚಿಸಲು ಅವನೇ ಆ ಹಾಳೆ ಕಿತ್ತ... ಮೇರಿಮ್‌ಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮರುದಿನವೇ ರಾಜಧಾನಿ ಬಿಶ್ಕೆಕ್‌ಗೆ ಹೊರಟುಹೋದಳು. ಅವನು ಅಲ್ಲಿಯವರೆಗೆ ಹೋಗಿ ಹಾಸ್ಟೆಲ್ ಬಾಗಿಲಲ್ಲಿ ಮೂರು ದಿನ ನಿಂತ. ಅವಳು ಕೆಳಗಿಳಿದು ಬರಲಿಲ್ಲ.

ಆ ಹಾಳೆ ಎಲ್ಲಿ ಹೋಯಿತೋ ದೇವರೇ ಬಲ್ಲ. ನನ್ನನ್ನು ಕೇಳಬೇಡಿ.

ಈಗ ಅವಳ ಸರದಿ ಬಂದಿತ್ತು. ಇಸ್ಕೆಂದರನ ಬಹಿರಂಗ ಪಾಠದ ದಿನ ಮೊದಲ ಸಾಲಿನಲ್ಲಿ, ನಟ್ಟ ನಡುವೆ ಕೂತಳು. ದಾವೆ ಹೂಡುವ ಕಾಲಮಿತಿಯ ಬಗ್ಗೆ ಪಾಠ. ಅವನು ಚೆನ್ನಾಗಿಯೇ ಮಾಡಿದ. ನನ್ನ ಮಾತು ಕೇಳಿದರೆ, ಕಿಟಕಿಯ ಮೇಲಿನ ಪಾರಿವಾಳಗಳೂ ಕಾನೂನು ಕಲಿತುಕೊಂಡು ಹಾರಿದವು.

ಕೊನೆಗೆ ಅವಳು ಎದ್ದು ನಿಂತಳು.

"ಒಬ್ಬರಿಗೆ ಅನ್ಯಾಯ ಆಯ್ತು ಅಂದ್ಕೊಳ್ಳಿ. ಕಾಲಮಿತಿ ಯಾವತ್ತಿಂದ ಶುರು?"

"ಅನ್ಯಾಯ ಆಗಿದೆ ಅಂತ ಅವರಿಗೆ ಗೊತ್ತಾದ ದಿನದಿಂದ."

"ಗೊತ್ತಾಗಿ ಏಳು ವರ್ಷ ಸುಮ್ನಿದ್ರೆ?"

ಅವನು ಸೀಮೆಸುಣ್ಣ ಕೆಳಗಿಟ್ಟ. "ದಾವೆ ಬಿದ್ದೋಗುತ್ತೆ. ನೋವಿಗೆ ಕಾನೂನು ಮಿತಿ ಹಾಕಿಲ್ಲ."

ಅವಳಿಗೆ ಒಳಗೆ ಏನೋ ಚುಚ್ಚಿತು. ಅದನ್ನು ಸಿಟ್ಟೆಂದೇ ಅಂದುಕೊಂಡಳು.

ಪಾಠದ ನಂತರ ವಿಭಾಗದಲ್ಲಿ ಎಲ್ಲರಿಗೂ ಚಹಾ. ಮುಖ್ಯಸ್ಥೆಯೇ ಬಗ್ಗಿಸಿದಳು. ನಮಗೆ ಬೇಕಾದವರಿಗೆ ಅರ್ಧ ಬಟ್ಟಲು ಕೊಡುತ್ತೇವೆ, ಮತ್ತೆ ಮತ್ತೆ ಬಗ್ಗಿಸುವ ನೆಪದಲ್ಲಿ ಅವರು ಕೂತಿರಲಿ ಎಂದು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗಬೇಕು. ಇಸ್ಕೆಂದರನ ಬಟ್ಟಲನ್ನು ಅವಳು ಅಂಚಿನವರೆಗೆ ತುಂಬಿಸಿದಳು. ಅವನು ಒಂದು ಹನಿಯೂ ಚೆಲ್ಲದ ಹಾಗೆ ಎತ್ತಿ ಪೂರ್ತಿ ಕುಡಿದ, ಬಟ್ಟಲು ಕೆಳಗಿಟ್ಟು, "ಚಹಾ ಚೆನ್ನಾಗಿತ್ತು" ಎಂದು ಹೇಳಿ ಹೊರಟುಹೋದ.

ಗೆದ್ದೆ, ಎಂದುಕೊಂಡಳು ಮೇರಿಮ್. ಗೆದ್ದವಳು ಅವನ ಬಟ್ಟಲನ್ನು ಯಾಕೆ ತಾನೇ ತೊಳೆದಿಟ್ಟಳೋ.

ಮಾರನೆಯ ದಿನ ಅವನ ಕಡತ ಬಿಡಿಸಿ ಕೂತಳು. ಪದವಿ ಸರಿ, ಪಾಠದ ವರ್ಷಗಳು ಸರಿ, ಒಪ್ಪಿಗೆ ಪತ್ರವೂ ಇತ್ತು. ಲೇಖನಗಳನ್ನು ಎಣಿಸಿದಳು. ಹತ್ತೊಂಬತ್ತೂವರೆ. ಇನ್ನೊಂದು ಅಷ್ಟರಲ್ಲಿ ಅಚ್ಚಾಗಿಬಿಡುತ್ತದೆ ಎಂದು ನಂಬಿ ಅರ್ಜಿ ಹಾಕಿದ್ದ, ಅದಿನ್ನೂ ಅಚ್ಚಿನ ಮನೆಯಲ್ಲೇ ಇತ್ತು.

ಅರ್ಧ ಲೇಖನ ಕಮ್ಮಿ. ಸಾಕು. ಸುಳ್ಳು ಹೇಳಬೇಕಿಲ್ಲ, ನಿಯಮ ಓದಿದರೆ ಅವನ ಕಥೆ ಮುಗಿಯುತ್ತದೆ.

ಆಗ ಅವಳಿಗೆ ಇನ್ನೊಂದು ಹೊಳೆಯಿತು. ಒಂದು ಬೇಸಿಗೆ ಇಬ್ಬರೂ ಅಲಾಯ್‌ನಲ್ಲಿ ಕುರುಬರ ಡೇರೆಯಿಂದ ಡೇರೆಗೆ ಅಲೆದು, ಕಾಲುವೆ ನೀರಿನ ಹಕ್ಕಿನ ಬಗ್ಗೆ ಒಂದು ಲೇಖನ ಬರೆದಿದ್ದರು. ಅದರ ಅರ್ಧ ಸೇರಿಸಿದ್ದರೆ ಸರಿಯಾಗಿ ಇಪ್ಪತ್ತಾಗುತ್ತಿತ್ತು. ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ.

ಆ ಬೇಸಿಗೆಯನ್ನೇ ಅಳಿಸಿಹಾಕಿದನಾ? ನನ್ನ ಹೆಸರಿನ ಪಕ್ಕ ನಿಲ್ಲುವುದಕ್ಕೂ ನಾಚಿಕೆಯಾ?

ಅಲ್ಲಿಗೆ ಅವಳ ಎದೆ ಕಲ್ಲಾಯಿತು. ಅವನ ಕಡತದ ಪಕ್ಕದಲ್ಲೇ ತನ್ನ ಹಳೆಯ ಕಡತವನ್ನೂ ಮಂಡಳಿಯೆದುರು ಎತ್ತಿ ಹಿಡಿಯುತ್ತೇನೆ, ಅವನು ಅಂದು ಹೇಳಿದ ಮಾತಿನಲ್ಲೇ ಅವನನ್ನು ಮುಗಿಸುತ್ತೇನೆ ಎಂದು ತೀರ್ಮಾನಿಸಿದಳು. ಹಳೆಯ ಕಡತ ತರಲು ನನಗೆ ಹೇಳಿದಳು. ಉಗ್ರಾಣದಲ್ಲಿ ಬೆಕ್ಕಿನ ಗಾತ್ರದ ಇಲಿಗಳಿವೆ, ಕಡತಗಳನ್ನು ಬೆನ್ನು ಸಮೇತ ತಿಂದಿವೆ ಎಂದು ನಾನು ವಿವರಿಸಿದೆ. ಅವಳು ಬೀಗದ ಕೈ ಕಿತ್ತುಕೊಂಡು ತಾನೇ ಇಳಿದು ಹೋದಳು. ಇಲಿಯ ಹಲ್ಲು ತಾಗದ ಕಡತ ಹಿಡಿದು ಬಂದಳು.

ಅದನ್ನು ಅವಳು ಒಳಗೆ ಬಿಡಿಸಿ ನೋಡಿದ್ದು ಅದೇ ಮೊದಲು. ಅರ್ಜಿದಾರರು ಕಾಗದ ಕೊಡುತ್ತಾರೆ ಅಷ್ಟೇ, ಜೋಡಿಸಿ ಹೊಲಿಯುವುದು ಕಚೇರಿಯ ಕೆಲಸ. ಅರವತ್ತನಾಲ್ಕನೆಯ ಹಾಳೆಗೆ ಬಂದವಳು ಅಲ್ಲೇ ನಿಂತಳು. ಅದು ಇಸ್ಕೆಂದರನ ಕೈಬರಹ.

"ಅಲಾಯ್ ಕಾಲುವೆಗಳ ಲೇಖನ ಪೂರ್ತಿ ಮೇರಿಮ್ ಅವರದು. ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ. ಮುಂದೆಂದೂ ಕೇಳುವುದಿಲ್ಲ."

ಕೆಳಗೆ ಸಹಿ. ತಾರೀಖು ಮಂಡಳಿಯ ಸಭೆಗೆ ಮೂರು ದಿನ ಮೊದಲಿನದು.

ಅಂದು ಅವಳಿಗೂ ಅರ್ಧ ಲೇಖನ ಕಮ್ಮಿಯಿತ್ತು. ಹೇಗೆ ಇಪ್ಪತ್ತಾಯಿತೆಂದು ಅವಳು ಯಾವತ್ತೂ ಕೇಳಿರಲಿಲ್ಲ.

ಮೂರು ದಿನ ಮೊದಲು ತನ್ನದನ್ನೇ ನನಗೆ ಕೊಟ್ಟವನು... ಒಂದು ಹಾಳೆ ಯಾಕೆ ಕೀಳುತ್ತಾನೆ?

ಅವಳು ಇಸ್ಕೆಂದರನನ್ನು ಕರೆಸಿದಳು. ನನ್ನನ್ನೂ. ಬಾಗಿಲು ಹಾಕಿದಳು.

"ದಾರಿಕಾ ಎಜೆ, ಕಡತ ಹೊಲಿದೋರು ನೀವು. ಹಾಳೆ ಎಲ್ಲಿ ಹೋಯ್ತು?"

ಎಜೆ, ಅಂದರೆ ಅಕ್ಕಾ, ಎಂದು ಕರೆದ ಮೇಲೆ ನಾನು ಸುಮ್ಮನಿರುವವಳೇ? ಮಧ್ಯಾಹ್ನ ಊಟದ ಹೊತ್ತಿನಲ್ಲಿ ಡೀನ್ ಸಾಹೇಬರು ಮೂರನೆಯ ಮಹಡಿಯ ಕಿಟಕಿಯಿಂದ ಹಗ್ಗ ಹಿಡಿದು ಇಳಿದದ್ದು, ಹಲ್ಲಿನಲ್ಲಿ ಹಾಳೆ ಕಚ್ಚಿಕೊಂಡದ್ದು, ನಾನು ದಬ್ಬಣ ಹಿಡಿದು ಅಟ್ಟಿಸಿಕೊಂಡು ಹೋದದ್ದು ಎಲ್ಲವನ್ನೂ ಹೇಳಿದೆ.

"ಎಜೆ," ಎಂದಳು ಮೇರಿಮ್, ಮೆಲ್ಲಗೆ. "ಆ ಮನುಷ್ಯ ನೂರಿಪ್ಪತ್ತು ಕಿಲೋ ಇದ್ರು. ಮೆಟ್ಟಿಲು ಹತ್ತೋಕೇ ಇಬ್ರು ಹಿಡ್ಕೋಬೇಕಿತ್ತು."

ನಾನು ಇಸ್ಕೆಂದರನ ಕಡೆ ನೋಡಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಏಳು ವರ್ಷ ನೋಡಿದ ಹಾಗೆಯೇ.

ಅಲ್ಲಿಗೆ ನಿಜ ಬಾಯಿಬಿಟ್ಟೆ.

ಆ ದಿನ ನನ್ನ ಮೇಜಿನ ಮೇಲೆ ಬೋರ್ಸೋಕ್ ಇತ್ತು, ಆಗಷ್ಟೇ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳು. ತಟ್ಟೆಯ ಕೆಳಗೆ ಯಾವುದೋ ಕಾಗದ ಹಾಸಿದೆ. ಎತ್ತಿ ನೋಡಿದರೆ ಒಪ್ಪಿಗೆ ಪತ್ರ, ಅರ್ಧಕ್ಕೆ ಎಣ್ಣೆ. ಮತ್ತೆ ಟೈಪ್ ಮಾಡಿ ಸಹಿ ಹಾಕಿಸೋಣ ಎಂದು ಪಕ್ಕಕ್ಕಿಟ್ಟು ಮರೆತೆ. ಉಳಿದದ್ದನ್ನು ಹೊಲಿದು, ಎಣಿಸದೆಯೇ ನೂರಾ ಹನ್ನೆರಡು ಎಂದು ಬರೆದು ಮೊಹರು ಒತ್ತಿಸಿದೆ. ಸಭೆ ಮುಗಿದ ಮೇಲೆ ಇಸ್ಕೆಂದರ್ ನೇರ ನನ್ನ ಮೇಜಿಗೆ ಬಂದು ಹಾಳೆ ನೋಡಿದ. ನನ್ನ ಪಿಂಚಣಿಗೆ ಆಗ ಹನ್ನೊಂದು ತಿಂಗಳಿತ್ತು. ಅವನ ಕಾಲು ಹಿಡಿದೆ. ಪಿಂಚಣಿ ಬಂದ ಮೇಲೆ ನಾನೇ ಮೇರಿಮ್‌ಗೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ತಾನಾಗಿ ಯಾರಿಗೂ ಹೇಳುವುದಿಲ್ಲ ಎಂದು ಅವನೂ ಮಾತು ಕೊಟ್ಟ. ಪಿಂಚಣಿ ಬಂತು. ಅದೇ ಮೇಜಿಗೆ ದಿನಗೂಲಿಗೆ ಮತ್ತೆ ಬಂದು ಕೂತೆ. ನಾಳೆ, ನಾಳಿದ್ದು ಎನ್ನುತ್ತಲೇ ಇದ್ದೆ. ಹೇಳಲಿಲ್ಲ.

"ಏಳು ವರ್ಷ, ಎಜೆ," ಎಂದಳು ಮೇರಿಮ್. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಂದು ಬಿಳಿ ಹಾಳೆ, ಪೆನ್ನು ನನ್ನ ಮುಂದಿಟ್ಟು, ವಿವರಣೆ ಬರೆದು ಕೊಡಿ ಎಂದಳು. ನಮ್ಮ ಕಚೇರಿಗಳಲ್ಲಿ ತಪ್ಪು ಮಾಡಿದವರಿಗೆ ಅದೇ ಶಾಸ್ತ್ರ. ನಾನು ಮೂಲೆಯಲ್ಲಿ ಕೂತು ಬರೆಯತೊಡಗಿದೆ. ಕಿವಿ ಮಾತ್ರ ಅವರ ಕಡೆಗಿತ್ತು.

ಮೇರಿಮ್ ಇಸ್ಕೆಂದರನ ಕಡೆ ತಿರುಗಿದಳು.

"ನಂಗಾದ್ರೂ ಹೇಳ್ಬಹುದಿತ್ತು..."

"ಹೇಳಿದ್ರೆ ನೀನು ಅವತ್ತೇ ದೂರು ಕೊಡ್ತಿದ್ದೆ. ಎಜೆ ಬೀದಿಗೆ ಬೀಳ್ತಿದ್ರು. ಆಮೇಲೆ... ಮಾತು ಕೊಟ್ಟಿದ್ದೆ. ಅದು ತಪ್ಪೇ, ಮೇರಿಮ್. ನಿನ್ನ ಏಳು ವರ್ಷ ನಂದಾಗಿರ್ಲಿಲ್ಲ, ದಾನ ಮಾಡೋಕೆ."

"ನಾನು ನಿನ್ನ ಮುಗಿಸೋಕೆ ಅಂತ್ಲೇ ಡಾಕ್ಟರೇಟ್ ಮಾಡ್ದೆ, ಗೊತ್ತಾ?"

"ಪ್ರಬಂಧ ಓದ್ದೆ. ಚೆನ್ನಾಗಿದೆ."

ಅವಳು ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಬಂದವು. ಆಮೇಲೆ ಪೆನ್ನು ತೆಗೆದುಕೊಂಡು, ಅಲಾಯ್ ಲೇಖನದ ಅರ್ಧ ಇಸ್ಕೆಂದರನದೆಂದು ಬರೆದು ಸಹಿ ಹಾಕಿದಳು. ಅವನು ತಡೆಯಲು ಹೋದ. ಅವಳು ಕೇಳಲಿಲ್ಲ. (ಮುಂದಿನ ವಾರ, ಗುರುವಾರ, ಮಂಡಳಿ ಅವನಿಗೆ ಹದಿನೇಳು ಮತ ಕೊಟ್ಟಿತು, ವಿರುದ್ಧ ಎರಡು.)

"ವರದಿ ನಾನು ಓದಲ್ಲ. ಬೇರೆಯವರಿಗೆ ಹೇಳ್ತೀನಿ."

"ಯಾಕೆ? ನೀನು ನ್ಯಾಯವಾಗೇ ಓದ್ತೀಯ."

"ಮನೆಯವರ ಕಡತ ಮನೆಯವರು ಪರಿಶೀಲಿಸಬಾರದು ಅಂತ ನಿಯಮ ಇದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾನೂನಿನವರು ಹೀಗೇ.

"ನಾವಿನ್ನೂ ಮನೆಯವರಾಗಿಲ್ವಲ್ಲ, ಮೇರಿಮ್."

"ಅದ್ಕೆ ಇವತ್ತೇ ಹೇಳ್ತಿದೀನಿ," ಎಂದು ಅವಳು ಅವನ ಕಾಲರನ್ನು ಹೊರಕ್ಕೆಳೆದು ಸರಿಮಾಡಿದಳು.

ಅಷ್ಟರಲ್ಲಿ ನನ್ನ ವಿವರಣೆ ನಾಲ್ಕು ಪುಟವಾಗಿತ್ತು. ಮೇರಿಮ್ ಅದನ್ನು ಓದಿ, ಪೆನ್ನಿನಿಂದ ಗೀಟೆಳೆದು ಡೀನರನ್ನು ಹೊಡೆದುಹಾಕಿದಳು, ಹಗ್ಗವನ್ನು ಹೊಡೆದುಹಾಕಿದಳು, ಇಲಿಗಳನ್ನೂ, ಒಂಬತ್ತು ಸಾವಿರ ಪ್ರಾಧ್ಯಾಪಕರನ್ನೂ ಹೊಡೆದುಹಾಕಿದಳು. ಕೊನೆಗೆ ಉಳಿದದ್ದು ಇಷ್ಟು:

ನಾನು ದಾರಿಕಾ. ಒಟ್ಟು ನಲವತ್ತಮೂರು ಕಡತ ಹೊಲಿದಿದ್ದೇನೆ. ಅದರಲ್ಲೊಂದರ ಹಾಳೆ ಕಳೆದದ್ದು ನಾನೇ. ಹೆದರಿ ಏಳು ವರ್ಷ ಯಾರಿಗೂ ಹೇಳಲಿಲ್ಲ.