ಏಳನೆಯ ಮೊಳೆ

ಕಾರ್ತಿಕದ ಇಬ್ಬನಿ ಹೆಂಚಿನಿಂದ ಇನ್ನೂ ತೊಟ್ಟಿಕ್ಕುತ್ತಿದ್ದಾಗಲೇ ಮಾಯಣ್ಣ ಕೆಲಸಕ್ಕೆ ಕೂತಿದ್ದ. ಶಂಕರಪುರದಲ್ಲಿ ವೃಷಭೇಂದ್ರಪ್ಪನವರ ಹಿತ್ತಿಲಿನ ಹಳೆಯ ಕುದುರೆಗಾಡಿ ಕೊಟ್ಟಿಗೆಯೇ ಅವನ ದೋಣಿಶಾಲೆ. ಗವೀಪುರದಾಚೆಯ ಕೆರೆಯಲ್ಲಿ ತಾವರೆಯ ಗುತ್ತಿಗೆ ಹಿಡಿದಿದ್ದ ಯಜಮಾನರಿಗೆ ಹೂ ಕೊಯ್ಯಲು ದೋಣಿ ಬೇಕಿತ್ತು. ಇದೊಂದು ತೇಲಿದರೆ ಇನ್ನೂ ಮೂರು ಮಾಡಿಸುತ್ತೇನೆಂದಿದ್ದರು. ಆಗ ಒಂದು ಕೋಣೆ ಹಿಡಿದು, ಕಾವೇರಿ ದಡದ ಊರಿಂದ ಹೆಂಡತಿ ಸುಬ್ಬಮ್ಮನನ್ನು ಕರೆತರಬಹುದು.

ಹಿತ್ತಿಲಲ್ಲೇ ಕಡಿದ ಹಲಸಿನ ದಿಮ್ಮಿ. ಅದರಲ್ಲಿ ಏಳು ತುಕ್ಕು ಮೊಳೆಗಳು.

"ಅವನ್ನ ಕೀಳ್ಬೇಡಪ್ಪ," ಎಂದಳು ಮನೆಗೆಲಸದ ಪಿಳ್ಳಮ್ಮ, ದನಿ ತಗ್ಗಿಸಿ. "ಈ ಮನೆ ಸೊಸೆ ಆ ಕೆರೆಗೇ ಬಿದ್ದು ಸತ್ಲು. ಸತ್ಮೇಲೂ ಒದ್ದೆ ಸೀರೇಲಿ ಬಂದು ಇಲ್ಲಿ ನಿಲ್ತಿದ್ಲು. ಮಂತ್ರವಾದಿ ಏಳು ಮೊಳೆ ಹೊಡ್ದು ಮರಕ್ಕೆ ಕಟ್ಟಾಕ್ದ."

"ಮೊಳೆ ಬಿಟ್ರೆ ಗರಗಸದ ಹಲ್ಲು ಹೋಗುತ್ತೆ. ನೀನು ಕಟ್ಸಿಕೊಡ್ತೀಯಾ?"

"ಕಿತ್ರೂ ಬಿಸಾಕ್ಬೇಡ. ಅದರದ್ದು ಅದಕ್ಕೇ ಕೊಡ್ಬೇಕು."

ಮಾಯಣ್ಣ ನಕ್ಕು ಕಿತ್ತ. ಆರನ್ನು ಕಸಕ್ಕೆ ಎಸೆದ. ಏಳನೆಯದು ಬೆರಳು ದಪ್ಪದ ಒಳ್ಳೆಯ ಕಬ್ಬಿಣ. ಚಾಮರಾಜಪೇಟೆಯ ಕುಲುಮೆಗೆ ಒಯ್ದು ಅದನ್ನು ಉಳಿಯಾಗಿ ಬಡಿಸಿಕೊಂಡು ಬಂದ.

ದೋಣಿ ಮುಗಿಯಿತು. ಮರುದಿನ ಬೆಳಗ್ಗೆ ನೋಡಿದರೆ, ಒಣನೆಲದ ಮೇಲಿದ್ದ ದೋಣಿಯೊಳಗೆ ಗೇಣಾಳ ನೀರು. ಕೆಸರಿನ, ಕೊಳೆತ ತಾವರೆದಂಟಿನ ವಾಸನೆ. ಮೊಳೆ ಕಿತ್ತ ತೂತುಗಳೆಲ್ಲ ಜಿನುಗುತ್ತಿದ್ದವು. ಅವನು ಮೊಗೆದು ಚೆಲ್ಲಿದ. ಹತ್ತಿ ತುರುಕಿದ, ರಾಳ ಕಾಯಿಸಿ ಹೊಯ್ದ. ಬೆಳಗಾದರೆ ಮತ್ತೆ ನೀರು. ಮರದ ಬೆಣೆ ಜಡಿದ. ಬೆಣೆಗಳು ನೆಲದ ಮೇಲೆ ಬಿದ್ದಿದ್ದವು. ಹದಿನೆಂಟು ದಿನ ಇದೇ ಪಾಡು. ತನ್ನ ಕೈಯನ್ನೇ ಬೈದುಕೊಂಡ, ಮರವನ್ನು ಬೈದ, ದೋಣಿಗೊಮ್ಮೆ ಒದ್ದು ಕಾಲು ನೋಯಿಸಿಕೊಂಡ. ಕೊನೆಗೆ ನಾಚಿಕೆ ಬಿಟ್ಟು ತಿಪ್ಪೆ ಕೆದಕಿ ಆರು ಮೊಳೆಗಳನ್ನು ಹುಡುಕಿ ತಂದು ಜಡಿದ. ಆರು ತೂತೂ ಒಣಗಿದವು.

ಏಳನೆಯದು ಒಣಗಲಿಲ್ಲ; ಅದರ ಮೊಳೆ ಉಳಿಯಾಗಿ ಅವನ ಸೊಂಟದಲ್ಲಿತ್ತು. ಹೊಸ ಮೊಳೆ ಹೊಡೆದರೆ ಅದು ಉಗಿದಂತೆ ಹೊರಬೀಳುತ್ತಿತ್ತು.

ಸೋಮವಾರ ಕೆರೆಗಿಳಿಸು, ಇಲ್ಲವೇ ಕೊಟ್ಟಿಗೆ ಬಿಡು ಎಂದರು ಯಜಮಾನರು.

ಏಳನೆಯ ತೂತಿಗೆ ಮತ್ತೊಂದು ಬೆಣೆ ಜಡಿದು ಇಳಿಸಿದ. ಏರಿಯ ಮೇಲೆ ಯಜಮಾನರು ಕೊಡೆ ಹಿಡಿದು ನಿಂತಿದ್ದರು. ಉರಿಬಿಸಿಲು. ಹುಟ್ಟು ಹಾಕುತ್ತ ತಾವರೆಗಳ ನಡುವೆ ಬಂದಾಗ ಬೆಣೆ ಟಪ್ಪೆಂದು ಹಾರಿತು. ನೀರು ಚಿಮ್ಮಿತು. ಮಾಯಣ್ಣ ಬಾಗಿ ಬಲಗೈ ಹೆಬ್ಬೆರಳನ್ನು ತೂತಿಗೆ ಒತ್ತಿದ.

ನೀರು ನಿಂತಿತು. ಉಸಿರು ಬಿಟ್ಟ.

ಕೆಳಗಿನಿಂದ ಯಾರೋ ಬೆರಳು ಹಿಡಿದರು.

ತಣ್ಣಗಿನ ಹಿಡಿತ. ಎಳೆದ. ಬರಲಿಲ್ಲ. ದೋಣಿ ವಾಲಿತು. ಮೂಗಿಗೆ ಒದ್ದೆ ಸೀರೆಯ ಮುಗ್ಗಲು ವಾಸನೆ. ಅಂಚು ನೀರಿಗೆ ತಾಗಿತು. ನೀರು ಮೊಣಕಾಲಿಗೆ. ತೊಡೆಗೆ. ಎಡಗೈ ಸೊಂಟ ತಡಕಿತು. ಉಳಿ ಸಿಕ್ಕಿತು. ಬೆರಳಿನ ಬುಡಕ್ಕೆ ಇಟ್ಟ. ಕಣ್ಣು ಮುಚ್ಚಿದ. ಹಿಡಿಯ ಮೇಲೆ ಎದೆಯೂರಿ ಬಿದ್ದ.

ದೋಣಿ ನೆಟ್ಟಗಾಯಿತು.

ವಾರದ ಮೇಲೆ ವೃಷಭೇಂದ್ರಪ್ಪನವರು ಕೊಟ್ಟಿಗೆಗೆ ಬಂದರು. "ಒಂದು ತೊಟ್ಟೂ ಸೋರ್ತಿಲ್ವಲ್ಲೋ. ಇನ್ನು ಆ ಮೂರೂ ಶುರು ಮಾಡು."

ಮಾಯಣ್ಣ ಬಟ್ಟೆ ಸುತ್ತಿದ ಕೈ ಚಾಚಿ ಮರ ಕೆತ್ತುವ ಬಾಚಿಯನ್ನು ಎತ್ತಿದ. ನಾಲ್ಕು ಬೆರಳುಗಳ ನಡುವಿನಿಂದ ಅದು ಜಾರಿ ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

ಬಾಗಿಲಲ್ಲಿದ್ದ ಪಿಳ್ಳಮ್ಮ ಒಳಗೆ ಬಂದಳು. ಬಾಚಿಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟಳು.